ಮಾರಿಹಬ್ಬಕ್ಕೆ ದುಡ್ಡು ಬರುತ್ತೆ, ನಾಲೆಗೆ ಆಳು ಬರಲ್ಲ: ಇದಕ್ಕೆ ಯಾವ ಸಿದ್ಧಾಂತ ಹಚ್ಚಲಿ?

ಪ್ರಶ್ನೆ: ನಾನು ಮೈಸೂರಿನಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಊರು ಮದ್ದೂರು ತಾಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಮಾರಿಹಬ್ಬಕ್ಕೆ ಮನೆಗಿಷ್ಟು ಅಂತ ವಂತಿಗೆ ಹಾಕಿದರೆ ನಮ್ಮೂರ ಜನ ಸಾಲ ಮಾಡಿಯಾದರೂ ಕೊಡುತ್ತಾರೆ. ಅದೇ ಜನ, ಗದ್ದೆಗೆ ನೀರು ತರುವ ಸೀಳುನಾಲೆಯ ಹೂಳು ತೆಗೆಯೋಣ, ಮನೆಗೊಬ್ಬರು ಬನ್ನಿ ಅಂದರೆ ಯಾರೂ ಬರುವುದಿಲ್ಲ. ಇದನ್ನೇ ಪ್ರಾಜೆಕ್ಟ್‌ಗೆ ತೆಗೆದುಕೊಂಡಿದ್ದೇನೆ. ‘ಸಿದ್ಧಾಂತ ಹಚ್ಚಿ ಬರೀರಿ’ ಅಂತ ಗೈಡ್ ಹೇಳಿದ್ದಾರೆ. ಕಾರ್ಯವಾದ, ಸಂಘರ್ಷವಾದ, ವಿನಿಮಯ ಸಿದ್ಧಾಂತ, ಸಾಮಾಜಿಕ ಗುರುತು, ಯಾವುದನ್ನು ಹಚ್ಚಿದರೂ ಹೊಂದುತ್ತೆ. ಎಲ್ಲವೂ ಹೊಂದುವುದಾದರೆ ಇವುಗಳಿಂದ ಏನು ಪ್ರಯೋಜನ ಸರ್?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡೋಣ. ಎಲ್ಲವೂ ಹೊಂದುತ್ತೆ ಅನ್ನಿಸಿದ್ದು ಒಳ್ಳೆಯ ಲಕ್ಷಣ. ಎಷ್ಟೋ ಜನ ಓದಿ, ಪರೀಕ್ಷೆ ಬರೆದು, ಪಾಸಾಗಿ ಹೋಗುತ್ತಾರೆ. ಈ ಅನುಮಾನ ಅವರಿಗೆ ಬರುವುದೇ ಇಲ್ಲ.

ಹೊಂದುವುದಕ್ಕೆ ಕಾರಣ ಸರಳ. ಹಬ್ಬಕ್ಕೆ ದುಡ್ಡು ಬಂತು, ನಾಲೆಗೆ ಆಳು ಬರಲಿಲ್ಲ ಅನ್ನುವುದು ನಿಮಗೆ ಮೊದಲೇ ಗೊತ್ತು. ಗೊತ್ತಿರುವುದಕ್ಕೆ ಕಾರಣ ಹುಡುಕುವುದು ಮಳೆ ಬಂದ ಮೇಲೆ ಪಂಚಾಂಗ ನೋಡಿದ ಹಾಗೆ. ಎಲ್ಲ ಪಂಚಾಂಗವೂ ಸರಿಯಾಗಿಯೇ ಕಾಣುತ್ತೆ. ನೀವು ಸಿದ್ಧಾಂತಕ್ಕೆ ಕೇಳಬೇಕಾದದ್ದು ಬೇರೆ: ‘ನೀನು ಹೇಳುವುದು ನಿಜವಾದರೆ ನಮ್ಮೂರಲ್ಲಿ ಏನು ಕಾಣಬಾರದು?’ ಇದಕ್ಕೆ ಉತ್ತರ ಕೊಡುವ ಸಿದ್ಧಾಂತ ಕೆಲಸಕ್ಕೆ ಬರುತ್ತೆ. ಕೊಡದಿದ್ದರೆ ಅದು ಪ್ರಾಜೆಕ್ಟಿನ ಎರಡನೇ ಅಧ್ಯಾಯಕ್ಕೆ ಅಲಂಕಾರ ಅಷ್ಟೆ.

ಸಿದ್ಧಾಂತ ಅಂದರೆ ವಿದೇಶದವರ ಪುಸ್ತಕದಲ್ಲಿ ಮಾತ್ರ ಇರುತ್ತೆ ಅಂದುಕೊಳ್ಳಬೇಡಿ. ಅರಳಿಕಟ್ಟೆ ಮೇಲೆ ಕೂತವರ ಹತ್ತಿರವೂ ಇದೆ. ‘ಈಗಿನ ಹುಡುಗರಿಗೆ ಮೈ ಬಗ್ಗಲ್ಲ’, ‘ಜನ ಸೋಮಾರಿಗಳಾಗಿಬಿಟ್ಟಿದ್ದಾರೆ’, ‘ಒಗ್ಗಟ್ಟಿಲ್ಲ’. ಇವೆಲ್ಲ ಸಿದ್ಧಾಂತಗಳೇ. ಮನುಷ್ಯನ ನಡವಳಿಕೆ ಅವನ ಸ್ವಭಾವದಿಂದ ಬರುತ್ತೆ ಅನ್ನುವುದು ಅದರ ತಿರುಳು. ಸರಿ, ಈಗ ನಮ್ಮ ಪ್ರಶ್ನೆ ಹಾಕಿ. ಹುಡುಗರು ಸೋಮಾರಿಗಳಾಗಿದ್ದರೆ ಏನು ಕಾಣಬಾರದು? ಹಬ್ಬದ ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಕೊಂಡಕ್ಕೆ ಸೌದೆ ಹೊತ್ತು ಹಾಕುವುದು ಕಾಣಬಾರದು. ಆದರೆ ಅದನ್ನು ಮಾಡುವವರು ಅದೇ ಹುಡುಗರು. ಅಲ್ಲಿಗೆ ಆ ಸಿದ್ಧಾಂತ ಮುಗಿಯಿತು. ಒಂದೇ ಪ್ರಶ್ನೆ ಸಾಕಾಯಿತು ನೋಡಿ.

ಇನ್ನೊಬ್ಬರ ನಡವಳಿಕೆಗೆ ಅವರ ಸ್ವಭಾವವನ್ನೇ ಕಾರಣ ಮಾಡಿ, ಸಂದರ್ಭವನ್ನು ಮರೆಯುವ ಈ ಚಾಳಿಗೆ ಮನೋವಿಜ್ಞಾನಿ ಲೀ ರಾಸ್ 1977ರಲ್ಲಿ ‘ಮೂಲಭೂತ ದೋಷ’ ಅಂತಲೇ ಹೆಸರಿಟ್ಟರು. ಮನುಷ್ಯರೆಲ್ಲ ಹೀಗೇ ಅಂತ ಬಹಳ ಕಾಲ ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು ನಮ್ಮ ಮೈಸೂರಿನಿಂದ. ಜೋನ್ ಮಿಲ್ಲರ್ ಅನ್ನುವ ಸಂಶೋಧಕಿ ಮೈಸೂರಿನ ಹಿಂದೂಗಳನ್ನೂ ಅಮೆರಿಕದವರನ್ನೂ ಹೋಲಿಸಿ 1984ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನಿಮಗೆ ಗೊತ್ತಿರುವ ಯಾರೋ ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಅವರು ಯಾಕೆ ಹಾಗೆ ಮಾಡಿದರು ಅಂತಲೂ ಹೇಳಿ ಅಂತ ಕೇಳಿದ್ದರು.

ಅದರಲ್ಲಿ ಒಂದು ಕಥೆ ಈಗಲೂ ಪಾಠಗಳಲ್ಲಿ ಬರುತ್ತೆ. ಒಬ್ಬ ವಕೀಲರು ಬೈಕಿನಲ್ಲಿ ಕೋರ್ಟಿಗೆ ಹೊರಟಿದ್ದರು. ಹಿಂದಿನ ಚಕ್ರ ಒಡೆದು, ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲರು ಅವನನ್ನು ಆಸ್ಪತ್ರೆಗೆ ಸೇರಿಸಿ ಕೋರ್ಟಿಗೆ ಹೊರಟುಹೋದರು. ಅಮೆರಿಕದವರಿಗೆ ಇದರಲ್ಲಿ ಕಂಡದ್ದು ಬೇಜವಾಬ್ದಾರಿ ಮನುಷ್ಯ. ಇಲ್ಲಿಯವರಿಗೆ ಕಂಡದ್ದು ಕಕ್ಷಿದಾರನ ಕೆಲಸ ಬಿಡಲಾಗದ ವಕೀಲ. ಎಂಟು ವರ್ಷದ ಮಕ್ಕಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾದಂತೆ ಅಮೆರಿಕದವರು ಸ್ವಭಾವದ ಕಡೆಗೂ, ಇಲ್ಲಿಯವರು ಸಂದರ್ಭದ ಕಡೆಗೂ ವಾಲಿದರು. ಅಂದರೆ ಆ ‘ದೋಷ’ದಲ್ಲಿ ಕಲಿತು ಬರುವ ಭಾಗ ಸಾಕಷ್ಟಿದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಸಿದ್ಧಾಂತ ಮೈಸೂರಿಗೆ ಬಂದು ಸುಳ್ಳಾಗಲಿಲ್ಲ. ಅದರ ಎಲ್ಲೆ ಎಷ್ಟು ಅಂತ ತಿಳಿಯಿತು. ನಿಮ್ಮ ಪ್ರಾಜೆಕ್ಟಿಗೂ ಅಷ್ಟು ಗುರಿ ಸಾಕು. (ಅರಳಿಕಟ್ಟೆಯವರು ಮಾತ್ರ ಮಿಲ್ಲರ್ ಮಾತು ಕೇಳದೆ ಸ್ವಭಾವವನ್ನೇ ಬೈಯುತ್ತಾರಲ್ಲ, ಅದನ್ನೂ ಬರೆದುಕೊಳ್ಳಿ. ನಮ್ಮವರನ್ನು ವಿವರಿಸುವಾಗ ಸಂದರ್ಭ, ಬೇರೆ ತಲೆಮಾರನ್ನು ವಿವರಿಸುವಾಗ ಸ್ವಭಾವ, ಹೀಗೇನಾದರೂ ಇದೆಯಾ ನೋಡಿ.)

ಈಗ ನಾಲೆಗೆ ಬರೋಣ. ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ನಿಮಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೆಸರು ಮ್ಯಾಂಕರ್ ಓಲ್ಸನ್. ಅರ್ಥಶಾಸ್ತ್ರಜ್ಞ. 1965ರಲ್ಲಿ ಅವನು ಹೇಳಿದ್ದು ಇಷ್ಟು: ಒಂದು ಕೆಲಸದಿಂದ ಎಲ್ಲರಿಗೂ ಲಾಭ ಇದೆ ಅಂದ ಮಾತ್ರಕ್ಕೆ ಎಲ್ಲರೂ ಸೇರಿ ಅದನ್ನು ಮಾಡುವುದಿಲ್ಲ. ಹೂಳು ತೆಗೆದರೆ ನೀರು ಬರುತ್ತೆ. ಬಂದ ನೀರು ಗುದ್ದಲಿ ಹಿಡಿಯದವನ ಗದ್ದೆಗೂ ಹರಿಯುತ್ತೆ. ಹಾಗಿದ್ದ ಮೇಲೆ ನಾನು ಯಾಕೆ ಹೋಗಲಿ? ಪ್ರತಿಯೊಬ್ಬನೂ ಹೀಗೆ ಲೆಕ್ಕ ಹಾಕಿದರೆ ಯಾರೂ ಹೋಗುವುದಿಲ್ಲ. ಇದರಿಂದ ಹೊರಗೆ ಬರಲು ಎರಡು ದಾರಿ. ಗುಂಪು ಚಿಕ್ಕದಿರಬೇಕು, ಅಥವಾ ಬಂದವನಿಗೆ ಮಾತ್ರ ಸಿಗುವ ಲಾಭವೋ, ಬರದವನಿಗೆ ಮಾತ್ರ ತಗಲುವ ದಂಡವೋ ಏನೋ ಒಂದು ಇರಬೇಕು.

ಈ ಕನ್ನಡಕ ಹಾಕಿಕೊಂಡು ಹಬ್ಬವನ್ನು ನೋಡಿ. ವಂತಿಗೆ ಕೊಡದ ಮನೆಗೆ ಏನಾಗುತ್ತೆ? ಮೈಕಿನಲ್ಲಿ ಹೆಸರು ಬರುವುದಿಲ್ಲ. ತಂಬಿಟ್ಟಿನ ಆರತಿ ಸಾಲಿನಲ್ಲಿ ಆ ಮನೆ ಹೆಣ್ಣುಮಕ್ಕಳಿಗೆ ಮುಜುಗರ. ನಾಳೆ ಅವರ ಮನೆಯಲ್ಲಿ ಸಾವಾದರೆ ಊರಿನವರು ಬರುತ್ತಾರಾ ಅನ್ನುವ ಭಯ. ನಾಲೆ ಕೆಲಸಕ್ಕೆ ಬರದವನಿಗೆ ಏನಾಗುತ್ತೆ? ಏನೂ ಇಲ್ಲ. ಹಾಗಾಗಿ ಹಬ್ಬ ಭಕ್ತಿ, ನಾಲೆ ಸ್ವಾರ್ಥ ಅಂತ ಬೇರೆ ಮಾಡುವ ಮೊದಲು ಈ ದಂಡದ ಲೆಕ್ಕ ತೆಗೆಯಿರಿ. ಓಲ್ಸನ್ ಸರಿಯಾದರೆ, ಯಾರೂ ನೋಡದ ಹುಂಡಿಗೆ ಬೀಳುವ ಕಾಣಿಕೆ, ಹೆಸರು ಓದುವ ವಂತಿಗೆಗಿಂತ ತುಂಬಾ ಕಡಿಮೆ ಇರಬೇಕು. ಹುಂಡಿಯೂ ತುಂಬುತ್ತಿದ್ದರೆ ಓಲ್ಸನ್‌ಗೆ ಕಷ್ಟ. ಇದು ಲೆಕ್ಕದ ಪುಸ್ತಕದಲ್ಲಿ ಸಿಗುವ ಮಾಹಿತಿ, ಊಹೆ ಬೇಕಾಗಿಲ್ಲ.

ಇಲ್ಲಿ ಒಂದು ಮಾತು. ‘ನಾಲೆಗೆ ಯಾರೂ ಬರುವುದಿಲ್ಲ’ ಅಂತ ಬರೆದಿದ್ದೀರಿ. ಯಾರೂ ಅಂದರೆ ಯಾರು? ನನಗೆ ನಂಬಿಕೆ ಇಲ್ಲ. ತೂಬಿನ ಪಕ್ಕದ ಗದ್ದೆಯವನಿಗೂ ಕೊನೆಯ ಗದ್ದೆಯವನಿಗೂ ಒಂದೇ ಲೆಕ್ಕ ಇರಲು ಸಾಧ್ಯವಿಲ್ಲ. ಮೇಲಿನವನಿಗೆ ಹೂಳಿದ್ದರೂ ನೀರು ಸಿಗುತ್ತೆ. ಕೆಲವೊಮ್ಮೆ ಹೂಳಿದ್ದರೇ ನೀರು ಅವನ ಕಡೆ ನಿಲ್ಲುತ್ತೆ. ಒಣಗುವುದು ಕೊನೆಯವನದು. ರಾಬರ್ಟ್ ವೇಡ್ ಅನ್ನುವ ಸಂಶೋಧಕರು ಆಂಧ್ರದ ನಾಲೆ ಹಳ್ಳಿಗಳಲ್ಲಿ ಇದನ್ನೇ ಅಳೆದು ನೋಡಿದರು. ಅವರ ಪುಸ್ತಕ ಬಂದದ್ದು 1988ರಲ್ಲಿ. ನಾಲೆಯ ಕೆಳಭಾಗದಲ್ಲಿ, ನೀರಿಗೆ ತಾಪತ್ರಯ ಇರುವ ಹಳ್ಳಿಗಳೇ ಸೇರಿ ನೀರು ಬಿಡುವ ಆಳುಗಳನ್ನು ಇಟ್ಟುಕೊಂಡಿದ್ದವು, ಊರ ನಿಧಿ ಮಾಡಿದ್ದವು. ನೀರು ಧಾರಾಳ ಇದ್ದ ಮೇಲಿನ ಹಳ್ಳಿಗಳಲ್ಲಿ ಅದು ಕಾಣಲಿಲ್ಲ. ಒಗ್ಗಟ್ಟು ಊರಿನ ಗುಣ ಅನ್ನುವುದಕ್ಕಿಂತ, ಅದು ನೀರಿನ ಕೊರತೆಯ ಜೊತೆ ಬರುತ್ತೆ ಅನ್ನುವಂತಿತ್ತು.

ಹಾಗಾದರೆ ನಿಮ್ಮೂರು ವೇಡ್‌ಗೆ ಎದುರು ನಿಲ್ಲುತ್ತೆ. ಕೊನೆ ಭಾಗ, ಕೊರತೆ ಇದೆ, ಆದರೂ ಸೇರುವುದಿಲ್ಲ. ಇದೇ ನಿಮ್ಮ ನಿಜವಾದ ಪ್ರಶ್ನೆ! ‘ಜನ ಯಾಕೆ ಹೀಗೆ’ ಅನ್ನುವ ದೊಡ್ಡ ಪ್ರಶ್ನೆ ಬಿಡಿ. ಬರಬೇಕಾದ ಕಡೆ ಒಗ್ಗಟ್ಟು ಯಾಕೆ ಬರಲಿಲ್ಲ ಅನ್ನುವುದನ್ನು ಹಿಡಿಯಿರಿ. ಒಂದು ಸಿದ್ಧಾಂತ ನಿಮಗೆ ಮಾಡಿಕೊಡಬೇಕಾದ ಉಪಕಾರ ಇಷ್ಟೇ.

ಉತ್ತರಕ್ಕೆ ಎಲಿನಾರ್ ಆಸ್ಟ್ರಮ್ ಕಡೆ ಹೋಗಬಹುದು. ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ, 2009ರಲ್ಲಿ. ಕಾಡು, ನೀರು, ಮೀನುಗಾರಿಕೆ ಇಂಥವನ್ನು ಜನರೇ ಚೆನ್ನಾಗಿ ನೋಡಿಕೊಂಡ ಜಾಗಗಳನ್ನು ಜಗತ್ತಿನ ಬೇರೆ ಬೇರೆ ಕಡೆಯಿಂದ ಕಲೆಹಾಕಿದರು. ಅಲ್ಲೆಲ್ಲ ಕಂಡದ್ದು: ಇದು ಯಾರಿಗೆ ಸೇರಿದ್ದು ಅಂತ ಸ್ಪಷ್ಟ ಇತ್ತು, ನಿಯಮವನ್ನು ಬಳಸುವವರೇ ಮಾಡಿದ್ದರು, ಕಾಯುವವರು ಇದ್ದರು, ತಪ್ಪಿದವರಿಗೆ ಮೊದಲು ಸಣ್ಣ ದಂಡ, ಆಮೇಲೆ ದೊಡ್ಡದು, ಮೇಲಿನ ಸರ್ಕಾರ ಅಡ್ಡ ಬರುತ್ತಿರಲಿಲ್ಲ. ಈಗ ನಿಮ್ಮ ಸೀಳುನಾಲೆ ಯಾರದು? ‘ಸರ್ಕಾರದ ನಾಲೆ, ಸರ್ಕಾರವೇ ಮಾಡಿಸಲಿ’ ಅನ್ನುವ ಮಾತು ನೀವು ಕೇಳಿಯೇ ಇರುತ್ತೀರಿ. ನಿಮ್ಮ ನಾಲೆಗೆ ನೀರು ಕೊಡುವ ಕೆಆರ್‌ಎಸ್ ಅಣೆಕಟ್ಟು ಕಟ್ಟಲು ಶುರುವಾದದ್ದು 1911ರಲ್ಲಿ, ಅರಮನೆ ಸರ್ಕಾರದ ಕಾಲ. ಆಗಿನಿಂದಲೂ ನೀರು ಬಿಡುವುದು, ನಿಲ್ಲಿಸುವುದು ಮೇಲಿನವರ ಕೈಯಲ್ಲಿ. ಮಾರಮ್ಮ ಮಾತ್ರ ಪೂರ್ತಿ ಊರಿನವಳು. ಅವಳ ಹಬ್ಬದ ದಿನ ಯಾವ ಇಂಜಿನಿಯರೂ ಗೊತ್ತು ಮಾಡುವುದಿಲ್ಲ.

ಇದರ ಜೊತೆಗೆ ದುಡ್ಡಿನ ವಿಷಯ ಒಂದಿದೆ. ಹೂಳೆತ್ತುವುದಕ್ಕೆ ನರೇಗಾ ಕೂಲಿ ಬಂದ ಮೇಲೆ ಪುಕ್ಕಟೆ ಕೆಲಸ ಮಾಡುವವನು ದಡ್ಡ ಅನ್ನಿಸಿಕೊಂಡನಾ? ಇಸ್ರೇಲಿನ ಹೈಫಾದಲ್ಲಿ ಶಿಶುವಿಹಾರಗಳು, ಮಗುವನ್ನು ತಡವಾಗಿ ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರಿಗೆ ದಂಡ ಹಾಕಿದವು. ತಡ ಮಾಡುವವರು ಜಾಸ್ತಿಯಾದರು. ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. ಮುಜುಗರ ಇದ್ದ ಜಾಗಕ್ಕೆ ಬೆಲೆ ಬಂದು ಕೂತಿತ್ತು. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ನಿಮ್ಮೂರಲ್ಲಿ ಪರೀಕ್ಷಿಸುವುದು ಸುಲಭ: ಕೂಲಿ ಬರುವ ಮೊದಲೂ ಜನ ಬರುತ್ತಿರಲಿಲ್ಲ ಅಂತಾದರೆ ಈ ಕಾರಣವನ್ನು ಕೈಬಿಡಿ.

ಹಾಗಂತ ಹಿರಿಯರನ್ನು ಕೇಳಿದರೆ ‘ಹಿಂದೆಲ್ಲ ಊರೇ ಸೇರಿ ಹೂಳು ತೆಗೀತಿದ್ವಿ’ ಅನ್ನುತ್ತಾರೆ. ಹಾಗೆ ಹೇಳಿದವರನ್ನು ಬಿಡಬೇಡಿ. ಯಾರು ಅಗೆದರು, ಯಾರು ಕೊಡೆ ಹಿಡಿದು ದಂಡೆ ಮೇಲೆ ನಿಂತಿದ್ದರು ಅಂತ ಕೇಳಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬೇಕಾಗುವುದು ಇಲ್ಲಿ. ಮೈಸೂರಿನಲ್ಲೇ 1916ರಲ್ಲಿ ಹುಟ್ಟಿದವರು. 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಇದ್ದು, ಅದಕ್ಕೆ ‘ರಾಂಪುರ’ ಅಂತ ಬೇರೆ ಹೆಸರಿಟ್ಟು ಬರೆದರು. ‘ಪ್ರಬಲ ಜಾತಿ’ ಅನ್ನುವ ಕಲ್ಪನೆ ಗಟ್ಟಿಯಾದದ್ದು ಆ ಹಳ್ಳಿಯಿಂದ. ಊರಿನಲ್ಲಿ ಮಾತು ನಡೆಯುವುದು ಶಾಸ್ತ್ರದಲ್ಲಿ ಮೇಲಿರುವ ಜಾತಿಯದೇ ಆಗಬೇಕಾಗಿಲ್ಲ. ಜನಸಂಖ್ಯೆ, ಜಮೀನು, ರಾಜಕೀಯ ಬಲ ಸೇರಿದ ಜಾತಿಯದು. ರಾಂಪುರದಲ್ಲಿ ಅದು ಒಕ್ಕಲಿಗರದು. ಪುಸ್ತಕದಲ್ಲಿ ನಾಲ್ಕು ವರ್ಣಗಳ ಏಣಿ ಓದಿಕೊಂಡು ಹಳ್ಳಿಗೆ ಹೋದವರಿಗೆ ಕಾಣದೇ ಇದ್ದದ್ದನ್ನು ಈ ಕಲ್ಪನೆ ಕಾಣಿಸಿತು. ಸಿದ್ಧಾಂತಗಳೆಲ್ಲ ಹಡಗಿನಲ್ಲಿ ಬಂದವು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಿಮಗೆ ಇದು ಹುಟ್ಟಿಸುವ ಪ್ರಶ್ನೆಗಳು ಕಹಿ. ವಂತಿಗೆ ಎತ್ತುವವರು ಯಾರು? ದಲಿತ ಕೇರಿಯ ಪಾಲು ಏನು: ದುಡ್ಡಾ, ತಮಟೆಯಾ, ಎರಡೂನಾ? ಸೀಳುನಾಲೆಯ ತುದಿಯಲ್ಲಿರುವ ಗದ್ದೆಗಳು ಯಾವ ಕೇರಿಯವರವು? ಹಿಂದೆ ‘ಊರೇ ಸೇರಿ’ ಮಾಡಿದ ಕೆಲಸ ಬಿಟ್ಟಿ ಚಾಕರಿಯಾಗಿದ್ದರೆ, ಇವತ್ತು ಅದು ನಿಂತದ್ದನ್ನು ಒಗ್ಗಟ್ಟು ಹೋಯಿತು ಅಂತ ಬರೆಯಲು ಬರುವುದಿಲ್ಲ. ಕೆಲವರಿಗೆ ‘ಬರಲ್ಲ’ ಅನ್ನುವ ಧೈರ್ಯ ಬಂತು ಅಂತ ಬರೆಯಬೇಕಾಗುತ್ತೆ. ಸಮಾಜವನ್ನು ಬಲ ಇದ್ದವರ, ಇಲ್ಲದವರ ತಿಕ್ಕಾಟವಾಗಿ ನೋಡುವ ಸಂಘರ್ಷವಾದವನ್ನು ಮಾರ್ಕ್ಸ್ ಹುಟ್ಟಿದ ವರ್ಷದಿಂದ ಶುರು ಮಾಡುವ ಬದಲು ಇಲ್ಲಿಂದ ಶುರು ಮಾಡಿ.

ಪ್ರತಿ ಆಚರಣೆಯೂ ಸಮಾಜವನ್ನು ಉಳಿಸುವ ಒಂದು ಕೆಲಸ ಮಾಡುತ್ತೆ ಅನ್ನುವ ಕಾರ್ಯವಾದದ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಮುಚ್ಚಿಡುವುದೇಕೆ. ಹಬ್ಬದಲ್ಲಿ ಸಮಾಜ ತನ್ನನ್ನು ತಾನೇ ಪೂಜಿಸಿಕೊಳ್ಳುತ್ತೆ ಅನ್ನುವ, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್‌ನ 1912ರ ವಿಚಾರ ದೊಡ್ಡದು. ಕೊಂಡದ ರಾತ್ರಿ ತಮಟೆ ಕೇಳಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಆದರೆ ‘ಹಬ್ಬ ಇರುವುದು ಒಗ್ಗಟ್ಟಿಗಾಗಿ’ ಅಂತ ಬರೆದ ಕೂಡಲೇ ವಿವರಣೆ ನಿಂತುಹೋಗುತ್ತೆ. ಮೊದಲ ಪೂಜೆ ಯಾರದು ಅಂತ ಜಗಳವಾಗಿ ಹಬ್ಬವೇ ನಿಂತ ಊರುಗಳಿಗೆ ಏನು ಹೇಳುತ್ತೀರಿ? ಮನುಷ್ಯ ತನ್ನನ್ನು ತನ್ನ ಗುಂಪಿನಿಂದ ಗುರುತಿಸಿಕೊಳ್ಳುತ್ತಾನೆ ಅನ್ನುವ, ಮನೋವಿಜ್ಞಾನಿ ಹೆನ್ರಿ ತಾಜ್‌ಫೆಲ್‌ನ ಸಾಮಾಜಿಕ ಗುರುತಿನ ಸಿದ್ಧಾಂತ ಇಲ್ಲಿ ಸ್ವಲ್ಪ ಹರಿತ. 1970ರ ಸುಮಾರಿಗೆ ಅವನು ಶಾಲಾ ಹುಡುಗರನ್ನು ಏನೂ ಅರ್ಥವಿಲ್ಲದ ಗುಂಪುಗಳಾಗಿ ಮಾಡಿ ನೋಡಿದ. ಆಗಲೂ ಅವರು ತಮ್ಮ ಗುಂಪಿನವರಿಗೇ ಜಾಸ್ತಿ ಹಂಚಿದರು. ಇದು ನಿಮ್ಮೂರಿಗೆ ಹೊಂದುವುದಾದರೆ, ಪಕ್ಕದೂರಿನ ಹಬ್ಬ ಜೋರಾದ ವರ್ಷ ನಿಮ್ಮೂರ ವಂತಿಗೆ ಏರಬೇಕು. ನಾಲೆಯಲ್ಲಿ ಪಕ್ಕದೂರಿನ ಜೊತೆ ಪೈಪೋಟಿ ಇಲ್ಲ, ಯಾರ ಹೂಳು ಚೆನ್ನಾಗಿ ತೆಗೆದಿದ್ದಾರೆ ಅಂತ ನೆಂಟರು ಬಂದು ನೋಡುವುದಿಲ್ಲ.

ವಿನಿಮಯ ಸಿದ್ಧಾಂತ ನಿಮಗೆ ಹೊಸದೇನಲ್ಲ. ಮದುವೆಯಲ್ಲಿ ಮುಯ್ಯಿ ಬರೆಯುವ ನೋಟ್‌ಬುಕ್ ನೋಡಿದ್ದೀರಲ್ಲ? ಉಡುಗೊರೆ ಕೊಡಬೇಕು, ತೆಗೆದುಕೊಳ್ಳಬೇಕು, ತೀರಿಸಬೇಕು ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಬರೆದದ್ದು ಆ ನೋಟ್‌ಬುಕ್ಕಿನಲ್ಲಿದೆ. ಮುಯ್ಯಾಳಿನಲ್ಲೂ ಅದೇ. ನಾನು ನಿನ್ನ ನಾಟಿಗೆ ಒಂದು ದಿನ, ನೀನು ನನ್ನ ನಾಟಿಗೆ ಒಂದು ದಿನ. ನಾಲೆ ಕೆಲಸದಲ್ಲಿ ಯಾರು ಯಾರಿಗೆ ಬಾಕಿ? ಬರೆದಿಡುವವರಿಲ್ಲ. ವಾಪಸ್ ಕೊಡುವ ಮನುಷ್ಯ ಎದುರಿಗಿಲ್ಲ.

ಇನ್ನೊಂದು ಸಣ್ಣ ಸಂಗತಿ. ‘ಎಲ್ಲರೂ ಬನ್ನಿ’ ಅಂತ ಸಾರುತ್ತಾರಾ, ಅಥವಾ ‘ನಿನ್ನ ತೂಬಿನಿಂದ ಅವನ ತೂಬಿನವರೆಗೆ ನಿನ್ನದು’ ಅಂತ ಹಂಚುತ್ತಾರಾ? ಜಾನ್ ಡಾರ್ಲಿ, ಬಿಬ್ ಲಟಾನೆ ಅನ್ನುವ ಮನೋವಿಜ್ಞಾನಿಗಳು 1968ರಲ್ಲಿ ತೋರಿಸಿದರು: ಒಬ್ಬನಿಗೆ ಫಿಟ್ಸ್ ಬಂದ ದನಿ ಕೇಳಿದಾಗ, ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ. 85 ಮಂದಿ ಫಿಟ್ಸ್ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31 ಮಾತ್ರ. ಅವರನ್ನು ಈ ಕೆಲಸಕ್ಕೆ ಹಚ್ಚಿದ್ದು 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಕೊಲೆ. 38 ಜನ ಸುಮ್ನೆ ನೋಡುತ್ತಾ ನಿಂತಿದ್ದರು ಅಂತ ಪತ್ರಿಕೆ ಬರೆದಿತ್ತು. ಆ ವರದಿ ಬಹಳ ಉತ್ಪ್ರೇಕ್ಷೆ ಅಂತ ಆಮೇಲೆ ಗೊತ್ತಾಯಿತು. ಕಥೆ ಬಿತ್ತು, ಪ್ರಯೋಗ ಉಳಿಯಿತು. ಆದರೂ ಪ್ರಯೋಗಶಾಲೆಯ ಫಲಿತಾಂಶಗಳನ್ನು ಹುಷಾರಾಗಿ ಬಳಸಿ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿದಾಗ ಅರ್ಧದಷ್ಟೂ ಮೊದಲಿನಂತೆ ಬರಲಿಲ್ಲ. ಹಳೆಯ ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕದ ಕಾಲೇಜು ಹುಡುಗರ ಮೇಲೆ ನಡೆದಂಥವು.

ಕೊನೆಗೆ ವಿಧಾನ. ಒಂದೇ ಊರು ಹಿಡಿದರೆ ಮತ್ತೆ ‘ಎಲ್ಲ ಹೊಂದುತ್ತೆ’ ಅನ್ನುವಲ್ಲಿಗೇ ಬರುತ್ತೀರಿ. ಎರಡು ಬೇಕು. ಇದನ್ನು ನಿಮ್ಮ ಜಿಲ್ಲೆಯಲ್ಲೇ ಮಾಡಿ ತೋರಿಸಿದವರು ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್. 1954ರಿಂದ 1956ರವರೆಗೆ ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ವಂಗಲ, ದಲೇನ ಅಂತ ಕಟ್ಟಿದ ಹೆಸರುಗಳನ್ನು ಕೊಟ್ಟರು. ಒಂದಕ್ಕೆ ನಾಲೆ ನೀರು ಬಂದಿತ್ತು. ಇನ್ನೊಂದರ ಜಮೀನು ಎತ್ತರದಲ್ಲಿ ಇದ್ದುದರಿಂದ ನೀರು ಹತ್ತಲಿಲ್ಲ. ನೀರು ಬಂದ ಊರು ಜಾಸ್ತಿ ಬದಲಾಗುತ್ತೆ ಅಂತ ಯಾರಾದರೂ ಹೇಳುತ್ತಿದ್ದರು, ಅಲ್ವಾ? ಕಬ್ಬು ಬಂತು, ದುಡ್ಡು ಬಂತು, ಆದರೆ ನೀರಾವರಿ ಊರಿನಲ್ಲಿ ಹಳೆಯ ಸಂಬಂಧಗಳು ಹೆಚ್ಚುಕಡಿಮೆ ಹಾಗೇ ಉಳಿದವು. ಗದ್ದೆಗೆ ಆಳು ಬೇಕಾದ್ದರಿಂದ ಒಡೆಯ–ಹಳೆಮಕ್ಕಳ (ತಲೆಮಾರಿನಿಂದ ಒಂದೇ ಮನೆಗೆ ದುಡಿಯುವ ಆಳುಗಳ) ನಂಟು ಮುಂದುವರಿಯಿತು. ಒಣ ಊರಿನವರು ಸುತ್ತಲಿನ ನೀರಾವರಿಯ ಲಾಭ ಹಿಡಿಯಲು ಹೊರಗೆ ಹೋದರು: ಮಂಡ್ಯದ ಸಕ್ಕರೆ ಕಾರ್ಖಾನೆಗೆ, ಸರ್ಕಾರಿ ಕೆಲಸಕ್ಕೆ, ಗಾಡಿ ಬಾಡಿಗೆಗೆ. ಹಳೆಯ ನಂಟು ಸಡಿಲಾದದ್ದು ಅಲ್ಲಿ. ಒಂದೇ ಊರು ನೋಡಿದ್ದರೆ ಇದು ಅವರಿಗೆ ಗೊತ್ತಾಗುತ್ತಿರಲಿಲ್ಲ. 1970ರಲ್ಲಿ ಮತ್ತೆ ಬಂದು, ಏನು ಉಳಿದಿದೆ, ಏನು ಬದಲಾಗಿದೆ ಅಂತ ನೋಡಿದರು.

ನೀವು ಎರಡು ಊರು ಮಾಡುವಷ್ಟು ಸಮಯ ಇಲ್ಲ ಅನ್ನಬಹುದು. ಎರಡು ಸೀಳುನಾಲೆ ಸಾಕು. ಒಂದೇ ಊರಿನವೇ ಆಗಲಿ. ಒಂದರಲ್ಲಿ ಹೂಳು ತೆಗೆಯುತ್ತಾರೆ, ಇನ್ನೊಂದರಲ್ಲಿ ಇಲ್ಲ ಅನ್ನುವಂಥದ್ದು ಸಿಕ್ಕರೆ ಅದೃಷ್ಟ. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿ, ಅವರಿಗೆ ಗೊತ್ತಿರುತ್ತೆ. ನಾಲೆಯಲ್ಲಿ ನೀರು ನಿಂತಾಗ ಹೋಗಿ, ತುಂಬಿ ಹರಿಯುವಾಗ ಹೂಳು ಕಾಣುವುದಿಲ್ಲ. ಮೊದಲು ಗದ್ದೆಗಳ ನಕ್ಷೆ ಬರೆದು, ಯಾರದ್ದು ಮೇಲೆ, ಯಾರದ್ದು ತುದಿ ಅಂತ ಗುರುತಿಸಿ. ಹಬ್ಬದ ವಂತಿಗೆ ಪುಸ್ತಕದ ಹೆಸರುಗಳನ್ನು ಆ ನಕ್ಷೆಯ ಪಕ್ಕ ಇಡಿ. ಇಷ್ಟಾಗುವವರೆಗೆ ಸಿದ್ಧಾಂತದ ಅಧ್ಯಾಯ ಮುಟ್ಟಬೇಡಿ. ಆಮೇಲೆ ಬರೆಯುವಾಗ, ಯಾವ ಸಿದ್ಧಾಂತ ಏನನ್ನು ನಿರೀಕ್ಷಿಸಿತ್ತು, ಸಿಕ್ಕಿದ್ದೇನು ಅಂತ ಬರೆಯಿರಿ. ಸೋತ ಸಿದ್ಧಾಂತಗಳನ್ನು ತೆಗೆದುಹಾಕಬೇಡಿ, ಅವಕ್ಕೂ ಪುಟ ಕೊಡಿ. ಗೈಡ್ ಕೇಳಿದರೆ ಎಪ್‌ಸ್ಟೈನ್ ಪುಸ್ತಕ ತೋರಿಸಿ, 1962ರದ್ದು.